ಗುಂಯ್ ಅಂದು ನಿಲ್ಲುವ ಮೋಟಾರು, ಕಾಯುತ್ತಾ ನಿಂತ ಹಸು



ಬೆಳಗಿನ ಐದೂವರೆಗೆ ನನ್ನ ಫೋನು ಹೊಡೆದುಕೊಂಡರೆ ಸಾಮಾನ್ಯವಾಗಿ ಎಲ್ಲೋ ಕರು ಅಡ್ಡ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ನಿನ್ನೆ ಈದ ಹಸು ಹಾಲು ಜ್ವರದಿಂದ ಏಳದೆ ಮಲಗಿರುತ್ತದೆ. ಈಚೆಗೆ ಇನ್ನೊಂದು ಬಗೆಯ ಕರೆ ಸೇರಿಕೊಂಡಿದೆ. "ಡಾಕ್ಟ್ರೇ, ಮಿಷನ್ನು ಗುಂಯ್ ಅಂತೈತೆ, ತಿರುಗ್ತಾನೇ ಇಲ್ಲ. ಹಸು ಕೆಚ್ಚಲು ತುಂಬ್ಕೊಂಡು ನಿಂತೈತೆ. ಏನ್ ಮಾಡ್ಲಿ?"

ಹಾಲು ಕರೆಯುವ ಯಂತ್ರ ಕೊಂಡು ಐದಾರು ವರ್ಷ ಆಗಿರುವ ಮನೆಗಳೇ ಹೆಚ್ಚು. ಯಂತ್ರದ ಬಕೆಟ್ಟು, ಕಪ್ಪು ಎಲ್ಲ ಗಟ್ಟಿಯಾಗಿಯೇ ಇರುತ್ತವೆ. ಕೈಕೊಡುವುದು ಮೋಟಾರು, ಅದೂ ಚಾಲೂ ಆಗುವ ಹೊತ್ತಿನಲ್ಲಿ. ಮೇವು ಕತ್ತರಿಸುವ ಚಾಫ್ ಕಟರ್ ಕಥೆಯೂ ಇದೇ.

ಮೋಟಾರು ರಿಪೇರಿ ನಾನು ಕಾಲೇಜಿನಲ್ಲಿ ಓದಿದ ವಿದ್ಯೆಯಲ್ಲ. ಆದರೂ ಬರೆಯಲು ಕಾರಣವಿದೆ. ಮೋಟಾರು ಕೆಟ್ಟರೆ ಎಲೆಕ್ಟ್ರಿಷಿಯನ್ ಮಧ್ಯಾಹ್ನ ಬಂದರೂ ನಡೆಯುತ್ತದೆ, ಹಸು ಮಧ್ಯಾಹ್ನದವರೆಗೆ ಕಾಯುವುದಿಲ್ಲ. ಇನ್ನೊಂದು ಕಾರಣ ಸ್ವಲ್ಪ ಗಂಭೀರದ್ದು. "ಹಸು ಒದೀತದೆ, ಹಾಲು ಇಳಿಸ್ತಿಲ್ಲ" ಎಂದು ಕರೆಸಿಕೊಂಡ ಕೆಲವು ಮನೆಗಳಲ್ಲಿ ಕಾಯಿಲೆ ಹಸುವಿಗೆ ಇರಲಿಲ್ಲ, ಕೊಟ್ಟಿಗೆಯ ವೈರಿಗೆ ಇತ್ತು. ಔಷಧಿ ಕೊಟ್ಟು ವಾಸಿ ಮಾಡುವ ಕಾಯಿಲೆಯಲ್ಲ ಅದು.

ಮೊದಲು ಹಸುವಿನ ಮಾತು

ನಿಮ್ಮಲ್ಲಿ ಬಹಳ ಮಂದಿ ಕೆಲಸ ಮಾಡುವ ಕ್ರಮ ಹೀಗಿದೆ: ಹಿಂಡಿ ಇಟ್ಟು, ಕೆಚ್ಚಲು ತೊಳೆದು, ಒರೆಸಿ, ಆಮೇಲೆ ಹೋಗಿ ಸ್ವಿಚ್ ಹಾಕುವುದು. ಮೋಟಾರು ಹಳೆಯದಾಗಿದ್ದರೆ ಈ ಕ್ರಮವನ್ನು ತಿರುಗಿಸಿಕೊಳ್ಳಿ. ಮೊದಲು ಮಿಷನ್ ಚಾಲೂ ಮಾಡಿ. ಗೇಜಿನ ಮುಳ್ಳು ಎಂದಿನ ಜಾಗಕ್ಕೆ ಬಂತೇ ನೋಡಿ. ಆಮೇಲೆ ಕೆಚ್ಚಲಿಗೆ ಕೈ ಹಾಕಿ.

ಕೆಚ್ಚಲು ತೊಳೆದು ಸವರಿದಾಗ ಹಸುವಿನ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಚೋದಕ ರಕ್ತಕ್ಕೆ ಬರುತ್ತದೆ. ಸುಮಾರು ಒಂದು ನಿಮಿಷದಲ್ಲಿ ಹಸು ಸೊರ ಬಿಡುತ್ತದೆ. ಅದರ ಪ್ರಭಾವ ಇರುವುದು ಐದಾರು ನಿಮಿಷ ಮಾತ್ರ. ಆ ಹೊತ್ತಿನಲ್ಲಿ ನೀವು ಮೋಟಾರಿನ ಹತ್ತಿರ ಕೂತು ಸ್ವಿಚ್ ಹಾಕಿ ತೆಗೆದು ಮಾಡುತ್ತಿದ್ದರೆ, ಇಳಿದ ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಎರಡನೆಯ ಸಲ ಕೆಚ್ಚಲು ತೊಳೆದರೆ ಹಸು ಮೊದಲಿನಂತೆ ಸೊರ ಬಿಡುವುದಿಲ್ಲ. ಹೀಗೆ ಹಾಲು ಉಳಿಯುತ್ತಾ ಹೋದರೆ ಕೆಚ್ಚಲು ಬಾವಿಗೆ ನಾವೇ ಬಾಗಿಲು ತೆರೆದಂತೆ. ಕೆಚ್ಚಲು ಮುಟ್ಟದೆ ಇದ್ದರೆ, ಗಂಟೆ ಒಂದೂವರೆ ಗಂಟೆ ತಡವಾಯಿತೆಂದು ಆರೋಗ್ಯವಂತ ಹಸುವಿಗೆ ದೊಡ್ಡ ಹಾನಿಯಿಲ್ಲ.

ಮಿಷನ್ ಚಾಲೂ ಆಗಲೇ ಇಲ್ಲ ಎನ್ನಿ. ಹೊಸದಾಗಿ ಈದದ್ದು, ಹೆಚ್ಚು ಹಾಲಿನದು, ಇವನ್ನು ಮೊದಲು ಕೈಯಲ್ಲಿ ಕರೆಯಿರಿ. ಕೆಚ್ಚಲು ಬಾವು ಇರುವ ಹಸುವನ್ನು ಎಂದಿನಂತೆ ಕೊನೆಗೆ ಕರೆಯಿರಿ, ಆದರೆ ಬಿಟ್ಟುಬಿಡಬೇಡಿ. ಕೈಯನ್ನು ಸೋಪಿನಿಂದ ತೊಳೆದು, ಮೊಲೆತೊಟ್ಟನ್ನು ಪೂರ್ತಿ ಅಂಗೈಯಲ್ಲಿ ಹಿಡಿದು ಕರೆಯಿರಿ. ಹೆಬ್ಬೆರಳು ಮಡಚಿ ಜಗ್ಗಿ ಕರೆಯುವ ಅಭ್ಯಾಸ ತೊಟ್ಟಿನ ಒಳಭಾಗವನ್ನು ಗಾಯ ಮಾಡುತ್ತದೆ. ಮಿಷನ್ನಿಗೆ ಒಗ್ಗಿದ ಹಸು ಮೊದಲ ದಿನ ಕೈಗೆ ಹಾಲು ಕೊಡಲು ಹಿಂದೆ ಮುಂದೆ ನೋಡುತ್ತದೆ. ಅದಕ್ಕೆಂದು ಅಂಗಡಿಯಿಂದ ಸೂಜಿ ತಂದು ಚುಚ್ಚಬೇಡಿ. ಆಕ್ಸಿಟೋಸಿನ್ ಡಾಕ್ಟರ ಚೀಟಿ ಇಲ್ಲದೆ ಮಾರುವ ಔಷಧಿಯಲ್ಲ. ಅದಕ್ಕೆ ಒಗ್ಗಿಹೋದ ಹಸು ಆಮೇಲೆ ಸೂಜಿ ಇಲ್ಲದೆ ಸೊರ ಬಿಡಲು ಸತಾಯಿಸುತ್ತದೆ.

ಕರೆಯುತ್ತಿರುವಾಗಲೇ ಕರೆಂಟು ಹೋದರೆ ಕಪ್ಪುಗಳು ಕಳಚಿ ಸಗಣಿಯ ಮೇಲೆ ಬೀಳುತ್ತವೆ. ಕರೆಂಟು ಬಂದ ಕೂಡಲೇ ಅವೇ ಸಗಣಿಯನ್ನು ಎಳೆದುಕೊಳ್ಳುತ್ತವೆ. ಆದ್ದರಿಂದ ದೀಪ ಆರಿದ ಕ್ಷಣ ಕಪ್ಪಿನ ಗೊಂಚಲನ್ನು ಕೈಯಲ್ಲಿ ಹಿಡಿದು, ಗಾಳಿ ಬಿಟ್ಟು, ಮೆಲ್ಲಗೆ ತೆಗೆಯಿರಿ. ಮೋಟಾರಿನ ಸ್ವಿಚ್ಚನ್ನೂ ಆರಿಸಿ. ಉಳಿದದ್ದನ್ನು ಕೈಯಲ್ಲಿ ಕರೆದು ಮುಗಿಸಿ.

ಗುಂಯ್ ಎಂದರೆ ಸ್ವಿಚ್ ಆರಿಸಿ

ಇನ್ನು ಮೋಟಾರಿನ ವಿಷಯ. ಗುಂಯ್ ಎನ್ನುತ್ತಾ ತಿರುಗದೆ ನಿಂತ ಮೋಟಾರು, ತಿರುಗುವ ಮೋಟಾರಿಗಿಂತ ಐದಾರು ಪಟ್ಟು ಹೆಚ್ಚು ಕರೆಂಟು ಎಳೆಯುತ್ತಿರುತ್ತದೆ. ಆ ಕರೆಂಟೆಲ್ಲ ಒಳಗೆ ಬಿಸಿಯಾಗಿ ಹೋಗುತ್ತದೆ. "ಸ್ವಲ್ಪ ಹೊತ್ತಿಗೆ ತಾನೇ ಹಿಡ್ಕೊಳ್ತದೆ" ಎಂದು ಸ್ವಿಚ್ ಹಾಕಿಯೇ ಬಿಟ್ಟರೆ ಒಂದೆರಡು ನಿಮಿಷದಲ್ಲಿ ವೈಂಡಿಂಗ್ ಸುಟ್ಟ ವಾಸನೆ ಬರುತ್ತದೆ. ನೂರಿನ್ನೂರು ರೂಪಾಯಿಯಲ್ಲಿ ಮುಗಿಯಬಹುದಾಗಿದ್ದ ಕೆಲಸ ಸಾವಿರಗಳಿಗೆ ಹೋಗುತ್ತದೆ. ಮೂರು ಎಣಿಸಿ. ತಿರುಗಲಿಲ್ಲವೇ, ಸ್ವಿಚ್ ಆರಿಸಿ, ಪಿನ್ನು ಕಿತ್ತು ಹೊರಗಿಡಿ. ಮುಂದೆ ನೋಡುವುದೆಲ್ಲ ಪಿನ್ನು ಕಿತ್ತ ಮೇಲೆಯೇ.

ಮೊದಲು ಅನುಮಾನ ಪಡಬೇಕಾದದ್ದು ವೋಲ್ಟೇಜನ್ನು. ಹಿಂದೆ ಗುಂಡು ಬಲ್ಬು ಮಂಕಾದರೆ ಗೊತ್ತಾಗುತ್ತಿತ್ತು. ಈಗಿನ ಎಲ್.ಇ.ಡಿ. ಬಲ್ಬು ವೋಲ್ಟೇಜ್ ಬಹಳ ಬಿದ್ದರೂ ಮಾಮೂಲಿನಂತೆ ಉರಿಯುತ್ತದೆ. ಅದನ್ನು ನಂಬಬೇಡಿ, ಫ್ಯಾನು ನೋಡಿ. ಫ್ಯಾನು ನಿಧಾನವಾಗಿದ್ದರೆ, ಮಿಕ್ಸಿ ಮುಲುಗುತ್ತಿದ್ದರೆ, ವೋಲ್ಟೇಜ್ ಬಿದ್ದಿದೆ. ಟಿ.ವಿ. ಅಥವಾ ಫ್ರಿಜ್ಜಿನ ಸ್ಟೆಬಿಲೈಸರಿನಲ್ಲಿ ಅಂಕಿ ಕಾಣುವಂತಿದ್ದರೆ ಇನ್ನೂ ಒಳ್ಳೆಯದು. ಒಳಗೆ ಬರುವ ವೋಲ್ಟೇಜು ಎಷ್ಟು ಎಂಬುದನ್ನು ಅದರಲ್ಲೇ ಓದಬಹುದು.

ಮನೆಗೆ ಬರಬೇಕಾದದ್ದು 230 ವೋಲ್ಟ್. ಊರೆಲ್ಲ ನೀರಿನ ಮೋಟಾರು, ಹೀಟರು ಹಾಕುವ ಹೊತ್ತಿನಲ್ಲಿ, ಟ್ರಾನ್ಸ್‌ಫಾರ್ಮರಿನಿಂದ ದೂರದ ಮನೆಗಳಲ್ಲಿ ಇದು 160ಕ್ಕೆ ಇಳಿಯುವುದುಂಟು. ಮೋಟಾರು ಎಳೆಯುವ ಶಕ್ತಿ ವೋಲ್ಟೇಜಿನ ಲೆಕ್ಕಕ್ಕಿಂತ ಬೇಗ ಕುಸಿಯುತ್ತದೆ. 230ರ ಜಾಗದಲ್ಲಿ 160 ಇದ್ದರೆ ವೋಲ್ಟೇಜು ಮೂರನೇ ಒಂದು ಭಾಗದಷ್ಟೇ ಕಡಿಮೆ, ಆದರೆ ಚಾಲೂ ಆಗುವಾಗಿನ ಎಳೆತ ಅರ್ಧಕ್ಕಿಂತಲೂ ಕಡಿಮೆ. ಒಮ್ಮೆ ತಿರುಗಲು ಹಿಡಿದ ಮೋಟಾರು ಹೇಗೋ ನಡೆದುಬಿಡುತ್ತದೆ. ನಿಂತಲ್ಲಿಂದ ಕದಲುವುದೇ ಕಷ್ಟ, ತುಂಬಿದ ಗಾಡಿಯನ್ನು ಹಳ್ಳದಿಂದ ಎಳೆಯುವ ಎತ್ತಿನ ಹಾಗೆ. ಬೆಳಗ್ಗೆ ಸರಿಯಾಗಿ ಚಾಲೂ ಆಗಿ ಸಂಜೆ ಮಾತ್ರ ತೊಂದರೆ ಕೊಡುವ ಮೋಟಾರಿದ್ದರೆ, ಮೋಟಾರನ್ನು ಬಿಚ್ಚುವ ಮೊದಲು ಒಂದು ವಾರ ಸಂಜೆ ಅರ್ಧ ಗಂಟೆ ಮುಂಚೆ ಕರೆದು ನೋಡಿ. ಆದರೆ ಹೊತ್ತು ಬದಲಿಸಿದ ಮೇಲೆ ದಿನವೂ ಅದೇ ಹೊತ್ತಿಗೆ ಕರೆಯಿರಿ, ಹಸುವಿಗೆ ಗಡಿಯಾರ ಇದೆ.

ವೋಲ್ಟೇಜು ಕಂಬದಲ್ಲಿ ಸರಿ ಇದ್ದೂ ಕೊಟ್ಟಿಗೆಯಲ್ಲಿ ಬೀಳುವುದುಂಟು. ಮನೆಯಿಂದ ಕೊಟ್ಟಿಗೆಗೆ ಬಲ್ಬಿಗೆಂದು ಎಳೆದ ಸಣ್ಣ ವೈರಿಗೇ ಮೋಟಾರು ಸಿಕ್ಕಿಸಿರುತ್ತೇವೆ. ಒಂದು ಎಚ್.ಪಿ. ಮೋಟಾರು ತಿರುಗುವಾಗ ಏಳು ಆಂಪಿಯರ್ ಆಸುಪಾಸು ಎಳೆದರೆ, ಚಾಲೂ ಆಗುವ ಗಳಿಗೆಯಲ್ಲಿ 35 ದಾಟಬಹುದು. ಮೂವತ್ತು ಮೀಟರ್ ಉದ್ದದ ಒಂದು ಚದರ ಮಿಲಿಮೀಟರಿನ ತಾಮ್ರದ ವೈರು ಇದ್ದರೆ ಆಗ ಹತ್ತಿರ ಹತ್ತಿರ 40 ವೋಲ್ಟು ವೈರಿನಲ್ಲೇ ಕಳೆದುಹೋಗುತ್ತದೆ. ಎರಡೂವರೆ ಮಿಲಿಮೀಟರಿನ ವೈರಾದರೆ ಕಳೆಯುವುದು ಸುಮಾರು 15. ಚಾಲೂ ಮಾಡುವಾಗ ವೈರು ಬೆಚ್ಚಗಾಗುತ್ತದೆ, ಸಾಕೆಟ್ಟಿನ ಬಾಯಿ ಕಂದಿದೆ ಎಂದರೆ ವೈರು ಸಣ್ಣದು ಅಥವಾ ಜೋಡಣೆ ಸಡಿಲ ಎಂದೇ ಅರ್ಥ. ಹೊಸ ಮೋಟಾರಿಗೆ ದುಡ್ಡು ಹಾಕುವ ಮುನ್ನ ವೈರಿಗೆ ಹಾಕಿ.

ವೋಲ್ಟೇಜ್ ಸರಿ ಇದೆ, ಆದರೂ ಗುಂಯ್. ಆಗ ಮೋಟಾರಿನ ತಪ್ಪೋ, ಅದು ಎಳೆಯುವ ಹೊರೆಯ ತಪ್ಪೋ ಎಂದು ಬೇರ್ಪಡಿಸಬೇಕು. ಪಿನ್ನು ಕಿತ್ತಿದೆಯೇ ಎಂದು ಮತ್ತೊಮ್ಮೆ ನೋಡಿ, ಬೆಲ್ಟನ್ನು ಕೈಯಲ್ಲಿ ತಿರುಗಿಸಿ. ಸರಾಗವಾಗಿ ತಿರುಗಿದರೆ ಹೊರೆ ಸರಿ ಇದೆ. ಬಿಗಿಯಾಗಿದ್ದರೆ ಪಂಪು ಹಿಡಿದಿದೆ. ಎಣ್ಣೆ ಹಾಕುವ ಪಂಪುಗಳಲ್ಲಿ ಎಣ್ಣೆ ಬತ್ತಿದ್ದರೆ, ಕೊಳೆಯಾಗಿ ಗಟ್ಟಿಯಾಗಿದ್ದರೆ, ಚಳಿಗಾಲದ ಬೆಳಗ್ಗೆ ಪಂಪಿನ ಒಳಗಿನ ಪಟ್ಟಿಗಳು ಅಂಟಿಕೊಂಡು ಕದಲುವುದಿಲ್ಲ. ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿ. ಅಡುಗೆ ಎಣ್ಣೆ, ಟ್ರ್ಯಾಕ್ಟರಿನಿಂದ ತೆಗೆದ ಹಳೇ ಎಣ್ಣೆ ಎರಡೂ ಬೇಡ.

ಇನ್ನೊಂದು ಸಣ್ಣ ಸಂಗತಿ, ಬಹಳ ಜನಕ್ಕೆ ಗೊತ್ತಿಲ್ಲ. ಮೋಟಾರು ಒಮ್ಮೆ ನಿಂತ ತಕ್ಷಣ ಪೈಪಿನಲ್ಲಿ ಎಳೆತ ಇನ್ನೂ ಉಳಿದಿರುತ್ತದೆ. ಆಗಲೇ ಮತ್ತೆ ಸ್ವಿಚ್ ಹಾಕಿದರೆ ಮೋಟಾರು ಆ ಎಳೆತದ ವಿರುದ್ಧ ಎದ್ದೇಳಬೇಕು. ಬಾಲ್ವು ತೆರೆದು ಗಾಳಿ ಒಳಗೆ ಬಿಡಿ, ಗೇಜಿನ ಮುಳ್ಳು ಸೊನ್ನೆಗೆ ಬರಲಿ, ಆಮೇಲೆ ಚಾಲೂ ಮಾಡಿ. ಚಾಫ್ ಕಟರಿನಲ್ಲಿ ಹೊರೆ ಎಂದರೆ ಬಾಯಲ್ಲಿ ಸಿಕ್ಕಿಕೊಂಡ ಮೇವು. ಪಿನ್ನು ಕಿತ್ತ ಮೇಲೆಯೇ ಅದಕ್ಕೆ ಕೈ ಹಾಕಿ. ಸ್ವಿಚ್ ಆರಿಸಿದರೆ ಸಾಕು ಎಂದುಕೊಳ್ಳಬೇಡಿ, ಪಕ್ಕದಲ್ಲಿ ಮಕ್ಕಳು ಇರುತ್ತಾರೆ.

ಕಂಡೆನ್ಸರ್ ಮತ್ತು ಒಳಗಿನ "ಟಕ್"

ವೋಲ್ಟೇಜೂ ಸರಿ, ಹೊರೆಯೂ ಸರಿ ಎಂದಾದರೆ ಹತ್ತರಲ್ಲಿ ಹೆಚ್ಚಿನ ಸಲ ಕಂಡೆನ್ಸರ್ ಹೋಗಿರುತ್ತದೆ. ಅಂಗಡಿಯವರು ಕೆಪಾಸಿಟರ್ ಎಂದರೂ ಎರಡೂ ಒಂದೇ. ಮೋಟಾರಿನ ಬೆನ್ನ ಮೇಲೆ ಒಂದು ಡಬ್ಬಿಯೊಳಗೆ ಇರುತ್ತದೆ. ಸಿಂಗಲ್ ಫೇಸ್ ಮೋಟಾರಿಗೆ ತಾನಾಗಿ ಯಾವ ಕಡೆ ತಿರುಗಬೇಕೆಂದು ಗೊತ್ತಿರುವುದಿಲ್ಲ. ಕಂಡೆನ್ಸರ್ ಅದಕ್ಕೆ ಮೊದಲ ತಳ್ಳು ಕೊಡುತ್ತದೆ. ಆ ತಳ್ಳು ಸಿಗದಿದ್ದರೆ ಗುಂಯ್ ಎನ್ನುತ್ತಾ ನಿಂತುಬಿಡುತ್ತದೆ.

ಈ ಗುಟ್ಟು ನಮ್ಮೂರಿನವರಿಗೆ ಚೆನ್ನಾಗಿ ಗೊತ್ತು. ಸ್ವಿಚ್ ಹಾಕಿ, ಕೈಯಲ್ಲೋ ಹಗ್ಗದಲ್ಲೋ ಗಾಲಿಯನ್ನು ತಿರುವಿದರೆ ಮೋಟಾರು ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡಿತು ಎಂದರೆ ಕಂಡೆನ್ಸರ್ ಅಥವಾ ಅದಕ್ಕೆ ಸೇರಿದ ಸ್ವಿಚ್ಚು ಕೆಟ್ಟಿದೆ ಎಂದು ಖಚಿತವಾಯಿತು, ಅಲ್ಲಿಗೆ ಬದಲಿಸಬೇಕು. ಆದರೆ ಆಗುವುದು ಬೇರೆ. "ಹೆಂಗೂ ತಿರುಗ್ತದಲ್ಲ" ಎಂದು ತಿಂಗಳುಗಟ್ಟಲೆ ದಿನಕ್ಕೆರಡು ಹೊತ್ತು ಹೀಗೇ ನಡೆಸುತ್ತೇವೆ. ಹಾಗೆ ತಿರುವುವವರು ಯಾರು? ಸೆರಗು ಹೊದ್ದ, ಬಳೆ ತೊಟ್ಟ ನೀವೇ, ಒದ್ದೆ ಕೈಯಲ್ಲಿ. ಬೆಲ್ಟಿಗೆ ಸೆರಗು ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ತಪ್ಪಿ ಹಿಂದಕ್ಕೆ ತಿರುವಿದರೆ ಮೋಟಾರು ಹಿಂದಕ್ಕೇ ಓಡುತ್ತದೆ, ಚಾಫ್ ಕಟರೂ ಉಲ್ಟಾ ತಿರುಗುತ್ತದೆ. ನಿಮ್ಮ ಮನೆಯಲ್ಲಿ ಮೋಟಾರಿನ ಪಕ್ಕ ಒಂದು ಹಗ್ಗ ನೇತಾಡುತ್ತಿದ್ದರೆ ದಯವಿಟ್ಟು ಈ ವಾರವೇ ಅದನ್ನು ತೆಗೆಸಿ, ಕಂಡೆನ್ಸರ್ ಹಾಕಿಸಿ.

ಕಂಡೆನ್ಸರನ್ನು ನೀವೇ ಬಿಚ್ಚಬೇಡಿ. ಪಿನ್ನು ಕಿತ್ತ ಮೇಲೂ ಅದರೊಳಗೆ ಕರೆಂಟು ನಿಂತಿರುತ್ತದೆ. ತಂತಿ ಮುಟ್ಟಿದರೆ ಹೊಡೆಯುತ್ತದೆ. ಹೊಟ್ಟೆ ಉಬ್ಬಿದೆಯೇ, ಎಣ್ಣೆ ಸೋರಿದೆಯೇ ಎಂದು ಎಲೆಕ್ಟ್ರಿಷಿಯನ್ ಬಿಚ್ಚಿದಾಗ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ. ಹೊಸದನ್ನು ತರುವಾಗ ಹಳೆಯದರ ಮೇಲಿನ ಸಂಖ್ಯೆಗೆ ಹೊಂದಬೇಕು. "ಎಂ.ಎಫ್.ಡಿ." ಎಂದು ಬರೆದ ಅಂಕಿ ಅದೇ ಇರಲಿ, ವೋಲ್ಟ್ ಎಂದು ಬರೆದದ್ದು ಅಷ್ಟೇ ಅಥವಾ ಹೆಚ್ಚಿರಲಿ. ಅಂಗಡಿಯಲ್ಲಿ ಇದ್ದದ್ದನ್ನು ಹಾಕಿಸಿಕೊಂಡು ಬಂದರೆ ಆರು ತಿಂಗಳಲ್ಲಿ ಮೋಟಾರೇ ಹೋದೀತು. ಒಂದು ಹೆಚ್ಚುವರಿ ಕಂಡೆನ್ಸರ್ ತಂದು ಮನೆಯಲ್ಲಿಡುವುದು ಬುದ್ಧಿವಂತಿಕೆ. ಬೆಲೆ ರಿವೈಂಡಿಂಗಿನ ಮುಂದೆ ಏನೂ ಅಲ್ಲ.

ಕೆಲವು ಮೋಟಾರುಗಳ ಒಳಗೆ ಇನ್ನೊಂದು ಸ್ವಿಚ್ಚಿದೆ. ಮೋಟಾರು ವೇಗ ಹಿಡಿದ ಮೇಲೆ ಅದು ಕಂಡೆನ್ಸರನ್ನು ತಾನೇ ಬಿಡಿಸುತ್ತದೆ, ಮೋಟಾರು ನಿಲ್ಲುವಾಗ ಮತ್ತೆ ಸೇರಿಸುತ್ತದೆ. ಅಂಥ ಮೋಟಾರಿದ್ದರೆ ದಿನವೂ ಆರಿಸಿದಾಗ, ವೇಗ ತಗ್ಗುತ್ತಾ ಒಂದು "ಟಕ್" ಸದ್ದು ಬರುವುದನ್ನು ಕೇಳಿರುತ್ತೀರಿ. ಅದೇ ಆ ಸ್ವಿಚ್ಚು. ಆ ಸದ್ದು ಈಚೆಗೆ ನಿಂತಿದೆ ಎಂದರೆ ಒಳಗೆ ಹೊಟ್ಟು, ದೂಳು ಸೇರಿ ಸ್ವಿಚ್ಚು ಸಿಕ್ಕಿಕೊಂಡಿದೆ. ಇದನ್ನು ಎಲೆಕ್ಟ್ರಿಷಿಯನ್‌ಗೆ ಹೇಳಿ, ಅವರ ಅರ್ಧ ಗಂಟೆಯ ಹುಡುಕಾಟ ಉಳಿಯುತ್ತದೆ. ದಿನಾ ಆ ಸದ್ದು ಕೇಳುವವರು ನೀವು, ಅವರಲ್ಲ.

ತ್ರೀ ಫೇಸ್ ಮೋಟಾರು ಇಟ್ಟುಕೊಂಡವರಿಗೆ ಒಂದೇ ಮಾತು. ಮೂರರಲ್ಲಿ ಒಂದು ಫೇಸ್ ಹೋದರೂ ಅದು ಗುಂಯ್ ಎಂದು ನಿಲ್ಲುತ್ತದೆ. ಅದಕ್ಕೆ ಕಂಡೆನ್ಸರ್ ಕಾರಣವಲ್ಲ, ಫ್ಯೂಸನ್ನೂ ಸ್ಟಾರ್ಟರನ್ನೂ ನೋಡಿಸಿ.

ಸದ್ದೇ ಇಲ್ಲ, ಇಲ್ಲವೇ ಟ್ರಿಪ್

ಸ್ವಿಚ್ ಹಾಕಿದರೆ ಉಸಿರೇ ಇಲ್ಲ ಎಂದರೆ ಕರೆಂಟು ಮೋಟಾರಿಗೆ ತಲುಪುತ್ತಿಲ್ಲ. ಅದೇ ಸಾಕೆಟ್ಟಿಗೆ ಬೇರೆ ಏನಾದರೂ ಸಿಕ್ಕಿಸಿ ನೋಡಿ. ಸ್ಟಾರ್ಟರ್ ಇದ್ದರೆ ಅದು ಬಿಸಿಯಾಗಿ ತಾನೇ ಬಿಟ್ಟಿರಬಹುದು. ಹತ್ತು ನಿಮಿಷ ಬಿಟ್ಟು ಕೆಂಪು ಗುಂಡಿ ಒತ್ತಿ, ಮತ್ತೆ ಚಾಲೂ ಮಾಡಿ. ಟೆಸ್ಟರ್ ಹೊತ್ತಿತು ಎಂದ ಮಾತ್ರಕ್ಕೆ ಕರೆಂಟು ಸರಿ ಇದೆ ಎಂದಲ್ಲ. ನ್ಯೂಟ್ರಲ್ ತಂತಿ ಕಡಿದಿದ್ದರೂ ಟೆಸ್ಟರ್ ಹೊತ್ತುತ್ತದೆ, ಮೋಟಾರು ತಿರುಗುವುದಿಲ್ಲ. ಹಿಂಡಿ ಚೀಲ ಇಡುವ ಕೊಟ್ಟಿಗೆಯಲ್ಲಿ ಇಲಿ ಇದ್ದೇ ಇರುತ್ತದೆ, ವೈರು ಕಡಿಯುವುದು ಅದರ ಕಸುಬು. ಒಂದು ಮನೆಯಲ್ಲಿ ಬಲ್ಬು ಕಣ್ಣು ಕುಕ್ಕುವಷ್ಟು ಉರಿದು, ಪಕ್ಕದ ಮನೆಯಲ್ಲಿ ಫ್ಯಾನು ತೆವಳುತ್ತಿದ್ದರೆ ನ್ಯೂಟ್ರಲ್ ಕಂಬದಲ್ಲೇ ಹೋಗಿರಬಹುದು. ಮೇನ್ ಆರಿಸಿ 1912ಕ್ಕೆ ಫೋನು ಮಾಡಿ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಯಾವುದೇ ಇರಲಿ, ವಿದ್ಯುತ್ ದೂರಿಗೆ ಸಂಖ್ಯೆ ಅದೇ.

ಸ್ವಿಚ್ ಹಾಕಿದೊಡನೆ ಫ್ಯೂಸ್ ಹಾರಿದರೆ, ಎಂ.ಸಿ.ಬಿ. ಬಿದ್ದರೆ, ಒಳಗೆ ವೈರು ತಾಗಿಕೊಂಡಿದೆ. ಫ್ಯೂಸಿಗೆ ದಪ್ಪ ತಂತಿ ಸುತ್ತಿ "ಈಗ ಹಾರಲ್ಲ" ಎನ್ನುವವರ ಮಾತು ಕೇಳಬೇಡಿ. ಫ್ಯೂಸ್ ಹಾರದಿದ್ದರೆ ಹಾರುವುದು ಬೇರೆ ಏನೋ. ಆರ್.ಸಿ.ಸಿ.ಬಿ. ಬಿದ್ದರೆ, ಹಳಬರು ಇ.ಎಲ್.ಸಿ.ಬಿ. ಎನ್ನುವುದೂ ಇಂಥ ಕೆಲಸದ್ದೇ, ಕರೆಂಟು ಎಲ್ಲೋ ಮೈಗೆ ಅಥವಾ ನೆಲಕ್ಕೆ ಸೋರುತ್ತಿದೆ. ಅದು ಪದೇ ಪದೇ ಬೀಳುತ್ತದೆಂದು ಬೈದು, ಬೈಪಾಸ್ ಮಾಡಿಸಿದ ಮನೆಗಳಿವೆ. ಬೊಗಳುವ ನಾಯಿಯ ಬಾಯಿ ಕಟ್ಟಿದ ಹಾಗೆ ಅದು.

ಮೋಟಾರು ತಿರುಗಿತು, ಹಸು ಒದೆಯುತ್ತಿದೆ

ಇದು ನನ್ನ ಕ್ಷೇತ್ರಕ್ಕೆ ಸೇರಿದ್ದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎರಡು ಮೂರು ವರ್ಷ ಸಾಧುವಾಗಿ ನಿಂತ ಹಸು ಇದ್ದಕ್ಕಿದ್ದಂತೆ ಮಿಷನ್ ಹಾಕಿದಾಗ ಕಾಲು ಬದಲಿಸುತ್ತದೆ, ಕುಣಿಯುತ್ತದೆ, ಕಪ್ಪು ಒದೆಯುತ್ತದೆ, ಕರೆಯುವಾಗಲೇ ಸಗಣಿ ಗಂಜಲ ಹಾಕುತ್ತದೆ. ಕೊಟ್ಟಿಗೆಯ ಒಳಗೆ ಬರಲು ಒಲ್ಲೆ ಎನ್ನುತ್ತದೆ. ತೊಟ್ಟಿಯ ನೀರಿಗೆ ಬಾಯಿ ಹಾಕದೆ ನಾಲಗೆ ಚಾಚಿ ಚಾಚಿ ನೆಕ್ಕುತ್ತದೆ. ಹಾಲು ದಿನಕ್ಕೊಂದಷ್ಟು ಇಳಿಯುತ್ತದೆ. ಮನೆಯವರು ದೃಷ್ಟಿ ತೆಗೆಯುತ್ತಾರೆ, ಹಿಂಡಿ ಬದಲಿಸುತ್ತಾರೆ, ಕೊನೆಗೆ ನಮ್ಮನ್ನು ಕರೆಯುತ್ತಾರೆ.

ಒದೆಯುವ ಹಸುವಿಗೆಲ್ಲ ಕರೆಂಟೇ ಕಾರಣ ಎನ್ನುವಂತಿಲ್ಲ. ಕೆಚ್ಚಲು ಬಾವು, ತೊಟ್ಟು ಬಿರುಕು, ಗೇಜಿನ ಮುಳ್ಳು ಅತಿಯಾಗಿ ಮೇಲೇರಿರುವುದು, ಕಪ್ಪಿನೊಳಗಿನ ರಬ್ಬರು ಸವೆದಿರುವುದು, ಇವೆಲ್ಲ ನೋಯಿಸುತ್ತವೆ. ರಬ್ಬರ್ ಲೈನರನ್ನು ಸುಮಾರು 2,500 ಸಲ ಕರೆದ ಮೇಲೆ ಬದಲಿಸಬೇಕು. ಒಂದೇ ಗೊಂಚಲಿನಲ್ಲಿ ನಾಲ್ಕು ಹಸು ಎರಡು ಹೊತ್ತು ಕರೆದರೆ ಅದು ವರ್ಷದೊಳಗೇ ಬರುತ್ತದೆ. ಐದು ವರ್ಷದಿಂದ ಅದೇ ರಬ್ಬರು ಹಾಕಿಕೊಂಡವರೂ ಇದ್ದೀರಿ. ಇರಲಿ. ಆದರೆ ಮೇಲೆ ಹೇಳಿದ ಲಕ್ಷಣ ಒಂದೇ ಹಸುವಿಗಲ್ಲದೆ ಕೊಟ್ಟಿಗೆಯ ಎರಡು ಮೂರು ಹಸುಗಳಲ್ಲಿ ಒಟ್ಟಿಗೆ ಕಂಡರೆ, ಮೋಟಾರು ನಡೆಯುವಾಗ ಮಾತ್ರ ಕಂಡರೆ, ಮೊದಲು ಕರೆಂಟನ್ನೇ ಅನುಮಾನಿಸಿ.

"ನಮಗೇನೂ ಹೊಡೀತಿಲ್ಲವಲ್ಲ?" ಎಂದು ಕೇಳುತ್ತೀರಿ. ನಿಮ್ಮ ಕಾಲಲ್ಲಿ ಚಪ್ಪಲಿ ಇದೆ. ಹಸು ಗಂಜಲದಲ್ಲಿ ನೆಂದ ನೆಲದ ಮೇಲೆ ನಾಲ್ಕು ಬರಿಗಾಲಲ್ಲಿ ನಿಂತು, ಒದ್ದೆ ಮೂತಿಯನ್ನು ಕಬ್ಬಿಣಕ್ಕೋ ತೊಟ್ಟಿಯ ನೀರಿಗೋ ತಾಗಿಸಿರುತ್ತದೆ. ಅದರ ಮೈಯಲ್ಲಿ ಕರೆಂಟು ನಮ್ಮ ಮೈಗಿಂತ ಸುಲಭವಾಗಿ ಹರಿಯುತ್ತದೆ. ಮುಂಗಾಲಿಗೂ ಹಿಂಗಾಲಿಗೂ ನಡುವೆ ಒಂದೂವರೆ ಮೀಟರಿನಷ್ಟು ಅಂತರವಿರುವುದರಿಂದ ನೆಲದಲ್ಲಿ ಹರಿದ ಕರೆಂಟು ಒಂದು ಕಾಲಿನಿಂದ ಏರಿ ಎದೆಯನ್ನು ಹಾದು ಇನ್ನೊಂದರಲ್ಲಿ ಇಳಿಯುತ್ತದೆ. ನಮಗೆ ತಿಳಿಯದೇ ಹೋಗುವ ಎರಡು ಮೂರು ವೋಲ್ಟು ಹಸುವಿಗೆ ತಿಳಿಯುತ್ತದೆ. ಹೆದರಿದ ಹಸುವಿನ ರಕ್ತಕ್ಕೆ ಅಡ್ರಿನಲಿನ್ ಬಂದರೆ ಸೊರ ಬಿಡುವುದು ಅಲ್ಲಿಗೆ ನಿಂತಿತು.

ನೀವೇ ಮಾಡಬಹುದಾದ ಪರೀಕ್ಷೆ ಒಂದಿದೆ. ಎರಡು ದಿನ ಮನೆಯ ಮೇನ್ ಆರಿಸಿ ಕೈಯಲ್ಲಿ ಕರೆಯಿರಿ. ಹಸು ಶಾಂತವಾಗಿ ನಿಂತು ನೀರು ಕುಡಿದರೆ ಉತ್ತರ ಸಿಕ್ಕಿತು. ಮುಂದಿನ ಕೆಲಸ ಎಲೆಕ್ಟ್ರಿಷಿಯನ್ನರದು. ಮೋಟಾರು ನಡೆಯುತ್ತಿರುವಾಗ ಗೋದಲಿಯ ಕಬ್ಬಿಣಕ್ಕೂ ಹಸುವಿನ ಕಾಲಡಿಯ ಒದ್ದೆ ನೆಲಕ್ಕೂ ನಡುವೆ ಮೀಟರ್ ಹಿಡಿದು ವೋಲ್ಟು ನೋಡಲು ಹೇಳಿ. ಟೆಸ್ಟರ್ ಸಾಲದು. ಬೆರಳಿನ ಹಿಂಭಾಗ ತಾಗಿಸಿ ನೋಡುವ ಜಾಣತನ ಖಂಡಿತ ಬೇಡ.

ಅರ್ಥಿಂಗ್ ಎಂಬ ಮೂರನೇ ಪಿನ್ನು

ಹೀಗೆ ಸೋರಿದ ಕರೆಂಟು ಹಸುವಿನ ದಾರಿ ಹಿಡಿಯದಂತೆ ನೋಡಿಕೊಳ್ಳುವುದೇ ಅರ್ಥಿಂಗ್. ನಿಮ್ಮ ಮೋಟಾರಿನ ಪ್ಲಗ್ಗಿಗೆ ಮೂರು ಪಿನ್ನು ಇದೆಯೇ ಈಗಲೇ ಹೋಗಿ ನೋಡಿ. ಸಾಕೆಟ್ಟಿಗೆ ಹೊಂದಲಿಲ್ಲವೆಂದು ದಪ್ಪ ಪಿನ್ನನ್ನು ಕತ್ತರಿಸಿದ, ಎರಡೇ ತಂತಿ ತೂತಿಗೆ ಸಿಕ್ಕಿಸಿ ಬೆಂಕಿಕಡ್ಡಿ ತುರುಕಿದ ಕೊಟ್ಟಿಗೆಗಳು ಎಷ್ಟೋ ಇವೆ. ಮೂರು ಪಿನ್ನಿದ್ದೂ ಗೋಡೆಯ ಒಳಗೆ ಮೂರನೇ ತಂತಿಯೇ ಇಲ್ಲದಿರುವುದು ಇನ್ನೊಂದು ಬಗೆ.

ಸರಿಯಾದ ಅರ್ಥ್ ಎಂದರೆ ಕನಿಷ್ಠ ಎರಡೂವರೆ ಮೀಟರಿನ, ಅಂದರೆ ಎಂಟು ಅಡಿ ಮೇಲಿನ ಜಿ.ಐ. ಪೈಪು, ಸುತ್ತ ಇದ್ದಿಲು ಮತ್ತು ಉಪ್ಪು. ಅದು ಹಸು ಓಡಾಡದ, ಕಟ್ಟದ ಜಾಗದಲ್ಲಿರಬೇಕು. ಕರೆಂಟು ಸೋರಿದಾಗ ಗುಂಡಿಯ ಸುತ್ತಲ ನೆಲವೂ ಹೊಡೆಯುತ್ತದೆ. ಅರ್ಥ್ ತಂತಿಯನ್ನು ನೀರಿನ ಪೈಪಿಗೆ, ಹಸು ಕಟ್ಟುವ ಗೂಟಕ್ಕೆ, ಗೋದಲಿಯ ಕಂಬಿಗೆ ಸುತ್ತಿ ಮುಗಿಸುವುದು ಅರ್ಥಿಂಗ್ ಅಲ್ಲ, ಕರೆಂಟನ್ನು ಹಸುವಿನ ಬಾಯಿಗೆ ತಂದು ಕೊಟ್ಟಂತೆ.

ಬೇಸಿಗೆಯಲ್ಲಿ ಗುಂಡಿ ಒಣಗುತ್ತದೆ, ವಾರಕ್ಕೊಮ್ಮೆ ಒಂದೆರಡು ಬಿಂದಿಗೆ ನೀರು ಹಾಕಿ. ಹಾಕಿದರೂ ಅರ್ಥ್ ಒಂದನ್ನೇ ನಂಬುವಂತಿಲ್ಲ. ಸೋರುವ ಕರೆಂಟು ಫ್ಯೂಸ್ ಹಾರಿಸುವಷ್ಟು ದೊಡ್ಡದಿರುವುದಿಲ್ಲ, ಆದರೆ ಕೊಲ್ಲಲು ಸಾಕಾಗಿರುತ್ತದೆ. ಅದಕ್ಕಾಗಿಯೇ ಕೊಟ್ಟಿಗೆಯ ಲೈನಿಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಬೇಕು. ಎಂ.ಸಿ.ಬಿ. ಇದೆಯಲ್ಲ ಎನ್ನಬೇಡಿ, ಅದು ವೈರನ್ನು ಕಾಯುತ್ತದೆ, ಜೀವವನ್ನಲ್ಲ. ಹಾಕಿಸಿದ ಮೇಲೆ ತಿಂಗಳಿಗೊಮ್ಮೆ ಅದರ ಮೇಲಿನ ಟೆಸ್ಟ್ ಗುಂಡಿ ಒತ್ತಿ. ಟಪ್ ಎಂದು ಬಿದ್ದರೆ ಅದು ಬದುಕಿದೆ.

ಹಸು ಕರೆಂಟಿಗೆ ಸಿಕ್ಕಿ ಬಿದ್ದರೆ ಓಡಿಹೋಗಿ ಹಗ್ಗ ಬಿಚ್ಚಲು ಕೈ ಚಾಚುವುದು ತಾಯಂದಿರ ಸ್ವಭಾವ. ಹಸುವಿನ ಜೊತೆ ಮನೆಯೊಡತಿಯೂ ಹೋಗುವುದು ಹೀಗೆಯೇ. ಮೊದಲು ಮೇನ್ ಆರಿಸಿ, ಆಮೇಲೆ ಹತ್ತಿರ ಹೋಗಿ. ಬಿದ್ದಿರುವುದು ಕಂಬದ ತಂತಿಯಾದರೆ ಯಾರನ್ನೂ ಹತ್ತಿರ ಬಿಡಬೇಡಿ, ಕಟ್ಟಿಗೆ ಹಿಡಿದು ಸರಿಸಲು ಹೋಗಬೇಡಿ, 1912ಕ್ಕೆ ಹೇಳಿ ಲೈನು ಬಂದ್ ಮಾಡಿಸಿ. ಹಸು ಉಸಿರಾಡುತ್ತಿದ್ದರೆ 1962ಕ್ಕೆ ಅಥವಾ ನಿಮ್ಮ ಭಾಗದ ಪಶುವೈದ್ಯರಿಗೆ ಕರೆ ಮಾಡಿ. ಸತ್ತಿದ್ದರೆ, ಎಷ್ಟೇ ಸಂಕಟವಾದರೂ, ನಾವು ಬರುವ ಮುಂಚೆ ಹೂಳಬೇಡಿ. ಕಿವಿಯೋಲೆ ಕತ್ತರಿಸಬೇಡಿ. ವಿಮೆಗೂ ಪರಿಹಾರದ ಅರ್ಜಿಗೂ ಮರಣೋತ್ತರ ಪರೀಕ್ಷೆಯ ವರದಿ ಬೇಕು. ಹೂತ ಹಸುವಿಗೆ ನಾನು ವರದಿ ಬರೆಯಲಾರೆ.

ಎಲೆಕ್ಟ್ರಿಷಿಯನ್ ಬಂದ ದಿನ ಮನೆಯ ಗಂಡಸರ ಪಾಲಿಗೆ ಬಿಟ್ಟು ಒಳಗೆ ಕೂರಬೇಡಿ. ಮೋಟಾರು ಯಾವ ಹೊತ್ತಿನಲ್ಲಿ ಕೈಕೊಡುತ್ತದೆ, ಗುಂಯ್ ಎನ್ನುತ್ತದೋ ಸುಮ್ಮನಿರುತ್ತದೋ, ಆರಿಸಿದಾಗ ಟಕ್ ಸದ್ದು ಬರುತ್ತದೋ ಇಲ್ಲವೋ, ಹಸು ಯಾವಾಗಿನಿಂದ ಕುಣಿಯುತ್ತಿದೆ, ಇದೆಲ್ಲ ನಿಮಗೆ ಗೊತ್ತು. ಚಾಲೂ ಮಾಡುವ ಗಳಿಗೆಯಲ್ಲಿ ಮೋಟಾರಿನ ಹತ್ತಿರ ವೋಲ್ಟು ಎಷ್ಟಕ್ಕೆ ಇಳಿಯುತ್ತದೆ ಎಂದು ಅಳೆಸಿ. ಆ ಅಂಕಿಯನ್ನೂ, ಕಂಡೆನ್ಸರಿನ ಎಂ.ಎಫ್.ಡಿ. ಸಂಖ್ಯೆಯನ್ನೂ, ಎಲೆಕ್ಟ್ರಿಷಿಯನ್ನರ ಫೋನ್ ನಂಬರನ್ನೂ ಡೇರಿಯ ಪಾಸ್ ಪುಸ್ತಕದ ಹಿಂಬದಿಯ ಹಾಳೆಯಲ್ಲಿ ಬರೆದಿಡಿ. ದಿನಾ ಎರಡು ಹೊತ್ತು ಕೈಗೆ ಸಿಗುವ ಪುಸ್ತಕ ಅದೊಂದೇ.